ಎರೆಹೊಲದ ಕೆಂಪು

ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದವರು ಮೊದಲು ಸೂಕ್ಷ್ಮದರ್ಶಕದ ಹತ್ತಿರ ಹೋಗುತ್ತಾರೆ. ನಾನೂ ಹೋಗಿದ್ದೆ. ಆದರೆ ಮಣ್ಣಿನ ಬ್ಯಾಕ್ಟೀರಿಯಾಗಳಿಂದ ಔಷಧ ಹುಡುಕುವ ಈ ಕೆಲಸದಲ್ಲಿ ನನ್ನ ಬಹುಪಾಲು ಆಯುಷ್ಯ ಕಳೆದದ್ದು ಒಂದು ಸ್ಟೀಲ್ ಚಮಚ, ಒಂದಿಷ್ಟು ಪ್ಲಾಸ್ಟಿಕ್ ಚೀಲ ಮತ್ತು ರೋಣದ ಕಡೆಯ ಬಸ್ಸುಗಳ ಜೊತೆ. ಹೊಸಬರಿಗೆ ಉಪಯೋಗವಾಗುವಂತೆ ಏನಾದರೂ ಬರೆದುಕೊಡಿ ಎಂದು ಕೇಳಿದ್ದಾರೆ. ಬರೆಯಲು ಕುಳಿತಾಗಲೆಲ್ಲ ಒಂದೇ ಊರು, ಒಂದೇ ಹೊಲ, ಒಬ್ಬಳೇ ಹೆಣ್ಣುಮಗಳು ಎದುರಿಗೆ ಬಂದು ನಿಲ್ಲುತ್ತಾಳೆ. ಆದ್ದರಿಂದ ಬಡ್ತಿ, ವರ್ಗಾವಣೆ, ಶಾಲು ಹಾರಗಳನ್ನು ಬಿಟ್ಟು ಅದನ್ನೇ ಹೇಳುತ್ತೇನೆ. ಅದರಿಂದ ತಿಂದ ಪೆಟ್ಟು ನನಗೆ ಇನ್ನೂ ಆರಿಲ್ಲ.

ಮೊದಲೇ ಒಂದು ಮಾತು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಅದು ತೀರಾ ಚೊಕ್ಕಟವಾಗಿ ಬಂದ ಕಡೆಗಳಲ್ಲಿ ನಿಂತು ಅನುಮಾನಿಸುತ್ತೇನೆ. ಯಾಕೆ ಎಂಬುದು ಮುಂದೆ ಬರುತ್ತದೆ.

ನಾನು ಗಜೇಂದ್ರಗಡದವಳು. ಕೆಲಸ ಧಾರವಾಡದ ಒಂದು ಸಣ್ಣ ಸಂಶೋಧನಾಲಯದಲ್ಲಿ. ಒಂದು ಚಿಟಿಕೆ ಮಣ್ಣಿನಲ್ಲಿ ಲೆಕ್ಕಕ್ಕೆ ಸಿಗದಷ್ಟು ಬ್ಯಾಕ್ಟೀರಿಯಾಗಳಿರುತ್ತವೆ. ಅವುಗಳಲ್ಲಿ ಒಂದು ಜಾತಿ ಬೂಷ್ಟಿನ ಹಾಗೆ ಎಳೆ ಎಳೆಯಾಗಿ ಬೆಳೆಯುತ್ತದೆ, ಸ್ಟ್ರೆಪ್ಟೊಮೈಸಿಸ್ ಎನ್ನುತ್ತಾರೆ. ಮೊದಲ ಮಳೆಗೆ ನೆಲದಿಂದ ಏಳುವ ವಾಸನೆ ಬಹುಪಾಲು ಇವುಗಳದೇ. ನೆರೆಹೊರೆಯ ಸೂಕ್ಷ್ಮಜೀವಿಗಳನ್ನು ಕೊಲ್ಲಲು ಇವು ಒಂದೊಂದು ವಿಷ ತಯಾರಿಸುತ್ತವೆ. ಆ ವಿಷಗಳಲ್ಲಿ ಕೆಲವು ನಮ್ಮ ಪಾಲಿಗೆ ಔಷಧ. ಕ್ಷಯದ ಸೂಜಿಮದ್ದು ಹಾಗೆ ಬಂದದ್ದು, ಟೆಟ್ರಾಸೈಕ್ಲಿನ್ ಹಾಗೆ ಬಂದದ್ದು, ಕ್ಯಾನ್ಸರಿಗೆ ಕೊಡುವ ಕೆಲವು ಮದ್ದುಗಳೂ ಹಾಗೇ ಬಂದವು. ಹೊಸದೊಂದು ಸಿಕ್ಕೀತೆಂದು ನಾವು ಊರೂರು ಅಲೆದು ಮಣ್ಣು ತರುತ್ತಿದ್ದೆವು.

ನಮ್ಮ ಮುಖ್ಯಸ್ಥರು ದೇಸಾಯಿ ಸರ್. ಅವರ ಪ್ರಧಾನ ಉಪಕರಣ ಮೂಗು. ತಟ್ಟೆಯ ಮುಚ್ಚಳ ಸರಿಸಿ ಮೂಸಿ, ಇದು ಅದು, ಅದು ಇದು ಎಂದು ಹೇಳಿಬಿಡುತ್ತಿದ್ದರು. ನೀವು ಯಾರೂ ಹಾಗೆ ಮಾಡಬೇಡಿ, ಅಪಾಯ. ನಾನು ಸೇರಿದ ಹೊಸತರಲ್ಲಿ ನಮ್ಮೂರ ಗುಡ್ಡದ ಮಣ್ಣನ್ನು ಅವಸರಕ್ಕೆ ಮನೆಯ ಶೇಂಗಾ ಚಟ್ನಿಯ ಡಬ್ಬಿಯಲ್ಲಿ ತುಂಬಿ ತಂದಿದ್ದೆ. ಡಬ್ಬಿ ತೊಳೆದಿದ್ದೆ ಎಂದು ಈಗಲೂ ವಾದಿಸುತ್ತೇನೆ. ಆ ಮಣ್ಣು ಹಾಕಿದ ತಟ್ಟೆಗಳಲ್ಲಿ ಏನೂ ಸರಿಯಾಗಿ ಏಳಲಿಲ್ಲ. ಸರ್ ಡಬ್ಬಿ ಮೂಸಿ ನನ್ನ ಕಡೆ ನೋಡಿದರು.

“ಏನವಾ, ಗಜೇಂದ್ರಗಡದಾಗ ಬ್ಯಾಕ್ಟೀರಿಯಾನೂ ಬಳ್ಳೊಳ್ಳಿ ತಿಂತಾವೇನು?”

ಮುಂದೆ ಬಹಳ ಕಾಲ ಲ್ಯಾಬಿನಲ್ಲಿ ನನ್ನ ಹೆಸರು ಚಟ್ನಿಬಾಯಿ.

ರೋಣದ ಕಡೆಯ ಮೆಣಸಗಿ ಎಂಬ ಊರಿಗೆ ನಾವು ಹೋದದ್ದು ಮಲಪ್ರಭೆಯ ಮಹಾಪೂರ ಇಳಿದ ಮೇಲಿನ ಒಂದು ಚಳಿಗಾಲದಲ್ಲಿ. ಹೊಳೆ ಎಲ್ಲೆಲ್ಲಿಂದಲೋ ಮಣ್ಣು ತಂದು ಹಾಕಿರುತ್ತದೆ, ಅದರಲ್ಲಿ ಏನಿದೆಯೋ ನೋಡೋಣ ಎಂಬುದು ಸರ್ ಯೋಚನೆ. ಫಕೀರಪ್ಪ ಎಂಬವರ ಎರೆಹೊಲ, ಕರಿಮಣ್ಣಿನದು. ಕಡಲೆ ಹೂವಿಗೆ ಬಂದಿತ್ತು. ಬದುವಿನ ಬನ್ನಿಗಿಡದ ಬುಡದಲ್ಲಿ ಮೇಲ್ಪದರ ಸರಿಸಿ ಒಂದು ಗೇಣು ಒಳಗಿನ ಮಣ್ಣು ತೆಗೆಯುತ್ತಿದ್ದೆ. ಫಕೀರಪ್ಪನವರ ಹೆಂಡತಿ ಗಂಗವ್ವ ರೊಟ್ಟಿಗಂಟು ಹಿಡಿದು ಬಂದವಳು ನಿಂತು ನೋಡಿದಳು. ನನ್ನದೇ ವಯಸ್ಸಿನವಳು, ನನಗಿಂತ ಎತ್ತರ.

“ಅಕ್ಕಾರ, ಧಾರವಾಡದಾಗ ಮಣ್ಣಿಲ್ಲೇನ್ರಿ?” ಎಂದಳು. ಇದೆ, ಆದರೆ ನಿಮ್ಮದರಷ್ಟು ಚಲೋ ಇಲ್ಲ ಎಂದು ಸರ್ ಹೇಳಿದರು. ಆ ಮಾತಿಗೆ ಅವಳು ನಮ್ಮನ್ನೂ ಊಟಕ್ಕೆ ಕೂರಿಸಿದಳು.

ಈ ಭಾಗ ನನಗೆ ತುಂಬ ಸ್ಪಷ್ಟವಾಗಿ ನೆನಪಿದೆ, ಅದಕ್ಕೇ ನಂಬಿಕೆ ಕಡಿಮೆ. ಕಡಲೆ ಹೂವಿಗೆ ಬಂದಿತ್ತೆ, ಕಾಯಿ ಕಟ್ಟಿತ್ತೆ? ಹೂವು ಬರೆಯಲು ಚೆನ್ನಾಗಿರುತ್ತದೆ, ಹಾಗಾಗಿ ಹೂವು ನೆನಪಾಗುತ್ತಿರಬಹುದು.

ಆ ಮಣ್ಣನ್ನು ಕಾಗದದ ಮೇಲೆ ಒಣಗಿಸಿ, ಬಿಸಿ ಮಾಡಿ ಬೇಡದವನ್ನು ಸಾಯಿಸಿ, ನೀರಿನಲ್ಲಿ ಕದಡಿ ತಟ್ಟೆಗಳಿಗೆ ಸವರಿದೆವು. ಕೆಲವು ದಿನಗಳಲ್ಲಿ ಸುಣ್ಣದ ಹನಿಗಳ ಹಾಗೆ ಬಿಳಿ ಚುಕ್ಕೆಗಳೆದ್ದವು. ಸೂಜಿಯಿಂದ ಚುಚ್ಚಿದರೂ ಏಳದಷ್ಟು ಗಟ್ಟಿ. ಅವುಗಳಲ್ಲಿ ಒಂದು ಚುಕ್ಕೆ ಸುಕ್ಕುಗಟ್ಟಿ ವಿಕಾರವಾಗಿತ್ತು. ತಟ್ಟೆ ಬೋರಲು ಹಾಕಿದರೆ ಅದರ ಕೆಳಗೆ ಕಡುಗೆಂಪು. ಕರಿಮಣ್ಣಿನಿಂದ ಬಂದದ್ದು, ಮೇಲೆ ಬಿಳಿ, ತಳದಲ್ಲಿ ಕೆಂಪು. ಮೊದಲು ನೋಡಿದ್ದು ನಾನು. ನಮ್ಮ ರಸಾಯನಶಾಸ್ತ್ರಜ್ಞೆ ಶಿರೀನ್ ಮೊದಲು ನೋಡಿದ್ದು ತಾನು ಎನ್ನುತ್ತಾಳೆ. ಸರ್ ಕೂಡ ಹಾಗೇ ಹೇಳುತ್ತಿದ್ದರು.

ಆ ಕೆಂಪಿನ ತುಣುಕನ್ನು ರೋಗಾಣು ಹರಡಿದ ತಟ್ಟೆಯ ನಡುವೆ ಇಟ್ಟರೆ ಸುತ್ತ ದೊಡ್ಡ ಬಯಲಾಗುತ್ತಿತ್ತು. ಅಲ್ಲಿ ಏನೂ ಬೆಳೆಯುತ್ತಿರಲಿಲ್ಲ. ಇನ್ನೊಂದು ಲ್ಯಾಬಿಗೆ ಕಳಿಸಿದಾಗ, ಗಡ್ಡೆಯಿಂದ ತೆಗೆದು ಸಾಕಿದ ಜೀವಕೋಶಗಳೂ ಅದಕ್ಕೆ ಸತ್ತವು ಎಂಬ ಉತ್ತರ ಬಂತು. ನೀವು ಇಂಥ ಉತ್ತರ ಓದುವಾಗ ಒಂದು ಮಾತು ನೆನಪಿಡಿ. ಗಾಜಿನ ತಟ್ಟೆಯಲ್ಲಿ ಜೀವಕೋಶ ಸಾಯಿಸುವುದು ದೊಡ್ಡ ಕೆಲಸವಲ್ಲ. ಫಿನೈಲೂ ಸಾಯಿಸುತ್ತದೆ.

ಸರ್ ಒಂದು ಕಾಲೇಜಿನ ಸಮಾರಂಭದಲ್ಲಿ ಇದನ್ನು ಸಂತೋಷದಿಂದ ಹೇಳಿದರು. ಅಲ್ಲೊಬ್ಬ ವರದಿಗಾರರಿದ್ದರು. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಮೆಣಸಗಿಯ ಮಣ್ಣಿನಲ್ಲಿ ಕ್ಯಾನ್ಸರಿಗೆ ಮದ್ದು ಎಂದು ಬಂತು. ಯಾರ ಹೊಲ, ಯಾವ ಗಿಡದ ಬುಡ, ಎಲ್ಲ ಇತ್ತು. ನಾವು ಓದಿ ನಕ್ಕೆವು. ಸರ್ ಮಾತ್ರ ಆ ತುಂಡನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು. ಅದು ಮೊಬೈಲಿನಿಂದ ಮೊಬೈಲಿಗೆ ಹಾರಿ ಎಲ್ಲಿಯತನಕ ಹೋಗುತ್ತದೆ ಎಂದು ನಮ್ಮಲ್ಲಿ ಯಾರೂ ಯೋಚಿಸಲಿಲ್ಲ.

ಇತ್ತ ಲ್ಯಾಬಿನಲ್ಲಿ ಕೆಂಪು ತೆಳುವಾಗುತ್ತಾ ಬಂತು. ಸಾಕಿದ ಬ್ಯಾಕ್ಟೀರಿಯಾವನ್ನು ಆಗಾಗ ಹಳೆಯ ತಟ್ಟೆಯಿಂದ ಹೊಸ ತಟ್ಟೆಗೆ ದಾಟಿಸಬೇಕು. ದಾಟಿಸುವಾಗ ಯಾರ ಕೈಯಾದರೂ ದುಂಡಗೆ, ಬೆಳ್ಳಗೆ, ಸೊಂಪಾಗಿ ಬೆಳೆದ ಚುಕ್ಕೆಯನ್ನೇ ಆರಿಸುತ್ತದೆ. ವಿಷ ತಯಾರಿಸುವ ಚುಕ್ಕೆ ದಣಿದಂತೆ ಸುಕ್ಕಾಗಿರುತ್ತದೆ. ತಯಾರಿಸದ ಸೋಮಾರಿಯೇ ಮೈತುಂಬಿಕೊಂಡು ಚೆಂದ ಕಾಣುತ್ತದೆ. ನಮ್ಮ ಲ್ಯಾಬಿನ ಎಲ್ಲ ಕೈಗಳೂ ಪ್ರತಿ ಸಲ ಚೆಂದದ್ದನ್ನೇ ಆರಿಸಿ ಆರಿಸಿ ಕೊನೆಗೆ ಉಳಿದದ್ದು ಬೆಳ್ಳಗಿನ, ಏನನ್ನೂ ಕೊಲ್ಲದ ಒಂದು ಸಂತಾನ. ನೆನಪೂ ಹಾಗೆಯೇ. ಪ್ರತಿ ಸಲ ಹೇಳುವಾಗ ಚೆಂದದ್ದನ್ನೇ ದಾಟಿಸುತ್ತೇವೆ. ಈ ಬರಹದಲ್ಲಿ ಸುಕ್ಕಾದ ಚುಕ್ಕೆಗಳನ್ನೂ ಎತ್ತಲು ನೋಡುತ್ತಿದ್ದೇನೆ.

ಮೂಲದ ಬೀಜಕಣಗಳಿದ್ದ ಫ್ರೀಜರ್ ಬೇಸಿಗೆಯಲ್ಲಿ ಕೆಟ್ಟು ಅವೂ ಹೋಗಿದ್ದವು. ಶಿರೀನ್ ಮೊದಲೇ ತೆಗೆದಿಟ್ಟಿದ್ದ ಸ್ವಲ್ಪ ಕೆಂಪು ಪುಡಿ ಉಳಿದಿತ್ತು. ಅದು ಯಾವ ವಸ್ತು ಎಂದು ಪತ್ತೆ ಮಾಡಲು ದೊಡ್ಡ ಯಂತ್ರವಿರುವ ಕಡೆಗೆ ಕಳಿಸಿದ್ದೆವು. ಅದೇ ಗಿಡದ ಬುಡದ ಮಣ್ಣು ಮತ್ತೆ ತಾ ಎಂದು ಸರ್ ನನ್ನನ್ನು ಮೆಣಸಗಿಗೆ ಕಳಿಸಿದರು.

ಹೊಲ ಮುಟ್ಟಿದಾಗ ಮೊದಲು ಕಂಡದ್ದು ಬನ್ನಿಗಿಡದ ಬೇರುಗಳು. ಬೇರು ಯಾಕೆ ಕಾಣುತ್ತಿವೆ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅದರ ಬುಡದಲ್ಲಿ ಎದೆಯುದ್ದದ ಕುಣಿ ಬಿದ್ದಿತ್ತು. ಕುಣಿಯೊಳಗೆ ಇಬ್ಬರು ಗಂಡಸರು ಮಣ್ಣು ಕೆರೆದು ಊಟದ ಡಬ್ಬಿಗೆ ತುಂಬುತ್ತಿದ್ದರು. ಬದುವಿನ ಮೇಲೆ ಸಾಲಾಗಿ ಬೈಕುಗಳು. ಸೂಡಿಯಿಂದ, ಜಕ್ಕಲಿಯಿಂದ, ಇನ್ನೆಲ್ಲಿಂದಲೋ ಬಂದವು. ಒಬ್ಬ ಮುದುಕಿ ಸೆರಗಿನಲ್ಲಿ ಮಣ್ಣು ಕಟ್ಟಿಕೊಂಡು ಗಂಟಿಗೆ ಕೈ ಮುಗಿಯುತ್ತಿದ್ದಳು. ಫಕೀರಪ್ಪ ನೆರಳಿನಲ್ಲಿ ಕೂತಿದ್ದರು. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ.

“ಬರ್ರಿ ಅಕ್ಕಾರ,” ಎಂದರು. “ಲಗೂ ಬಂದ್ರಿ ಚಲೋ ಆತು. ನಿಮ್ಮ ಔಷಧ ಮುಗಿಯಾಕ ಬಂದೈತಿ.”

ನನ್ನ ಚಮಚ ಚೀಲದಲ್ಲೇ ಉಳಿಯಿತು. ಇಷ್ಟೇ ಆಗಿದ್ದರೆ ಊರಿಗೆ ಬಂದು ನಗುತ್ತಾ ಹೇಳಬಹುದಾಗಿತ್ತು. ಆದರೆ ಫಕೀರಪ್ಪ, ನಮ್ಮ ಮನಿಯಾಕಿಗೂ ಹಚ್ಚೀವ್ರಿ, ನೋಡ ಬರ್ರಿ ಎಂದು ಮನೆಗೆ ಕರೆದೊಯ್ದರು.

ಗಂಗವ್ವ ಒಳಕೋಣೆಯಲ್ಲಿ ಬಾಗಿಲು ಮುಂದೆ ಮಾಡಿ ಕುಪ್ಪಸ ಸರಿಸಿದಳು. ಎಡ ಮೊಲೆಯ ಮೇಲೆ ಅಂಗೈಯಗಲ ಕರಿಮಣ್ಣು ಒಣಗಿ ಬಿರಿದಿತ್ತು. ಹೊಲ ಬೇಸಿಗೆಯಲ್ಲಿ ಬಿರಿಯುವ ಹಾಗೆಯೇ. ಬಿರುಕಿನ ಒಳಗಿಂದ ತೇವ ಜಿನುಗುತ್ತಿತ್ತು, ವಾಸನೆ ಬರುತ್ತಿತ್ತು. ನಮ್ಮ ಕಡೆ ಊತಕ್ಕೆ ಹುತ್ತದ ಮಣ್ಣು ಹಚ್ಚುವುದು ಹಿಂದಿನಿಂದ ಇದ್ದದ್ದೇ. ಹುತ್ತದ ಜಾಗಕ್ಕೆ ಈಗ ನಮ್ಮ ಬನ್ನಿಗಿಡ ಬಂದಿತ್ತು.

ಅವಳು ಹೇಳಿದ್ದನ್ನು ಕೂಡಿಸಿದರೆ ಇಷ್ಟಾಗುತ್ತದೆ. ಗಂಟು ಕಂಡ ಮೇಲೆ ಹುಬ್ಬಳ್ಳಿಯ ದವಾಖಾನೆಗೆ ಹೋಗಿ ಸೂಜಿ ಚುಚ್ಚಿಸಿ ಪರೀಕ್ಷೆ ಮಾಡಿಸಿದ್ದಳು. ಮೊದಲು ಔಷಧ ಹಾಕಿ ಗಂಟು ಕುಗ್ಗಿಸಿ ಆಮೇಲೆ ಕೊಯ್ಯುತ್ತೇವೆ ಎಂದಿದ್ದರು. ಕೂದಲು ಉದುರುತ್ತದೆ, ವಾಂತಿಯಾಗುತ್ತದೆ ಎಂದು ಕೇಳಿ ಹೆದರಿ, ಹೋಗುವುದೋ ಬಿಡುವುದೋ ಎನ್ನುತ್ತಿರುವಾಗಲೇ ಪೇಪರಿನಲ್ಲಿ ಅವಳದೇ ಹೊಲ ಬಂತು. ದೇವರು ಬಾಗಿಲಿಗೇ ಕಳಿಸಿರುವಾಗ ಹುಬ್ಬಳ್ಳಿ ಯಾಕೆ?

ಇದನ್ನು ಈಗಲೇ ತೊಳೆ, ನಾಳೆಯೇ ದವಾಖಾನೆಗೆ ಹೋಗು ಎಂದೆ. ಮಣ್ಣಿನಲ್ಲಿ ಧನುರ್ವಾಯು ತರುವಂಥವೂ ಇರುತ್ತವೆ ಎಂದೆ. ಅವಳು ಸಮಾಧಾನವಾಗಿ ಕುಪ್ಪಸದ ಗುಂಡಿ ಹಾಕಿಕೊಂಡಳು.

“ಅಕ್ಕಾರ, ನೀವು ಒಯ್ದ್ರ ಅದು ಔಷಧ. ನಾ ಹಚ್ಚಿಕೊಂಡ್ರ ಬರೇ ಮಣ್ಣೇನ್ರಿ?”

ಅಷ್ಟು ವರ್ಷ ಉಪನ್ಯಾಸ ಕೊಟ್ಟವಳು ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟೆ.

ಧಾರವಾಡಕ್ಕೆ ಬಂದು ಹೇಳಿದಾಗ ದೇಸಾಯಿ ಸರ್ ಪತ್ರಿಕೆಗೆ ಸ್ಪಷ್ಟನೆ ಕಳಿಸಿದರು. ಅದು ಒಳಪುಟದ ಮೂಲೆಯಲ್ಲಿ ಬಂತು, ಅದನ್ನು ಯಾರೂ ಮೊಬೈಲಿನಲ್ಲಿ ಹಂಚಲಿಲ್ಲ. ಆಮೇಲೆ ಸರ್ ನನ್ನ ಜೊತೆ ತಾವೇ ಮೆಣಸಗಿಗೆ ಬಂದರು. ಕುಣಿಯ ಅಂಚಿನಲ್ಲಿ ನಿಂತು, ಬಂದವರಿಗೆಲ್ಲ ಇದು ಔಷಧವಲ್ಲ, ಮನೆಗೆ ಹೋಗಿ ಎಂದರು. ಜನ ಇವರನ್ನು ಯಾವುದೋ ಕಂಪನಿಯವರೆಂದು ತಿಳಿದರು. ಫಕೀರಪ್ಪ ಮಾತ್ರ ಮರ್ಯಾದೆಯಿಂದಲೇ ಕೇಳಿದರು.

“ಸರ, ಪೇಪರಿನ್ಯಾಗ ಹೇಳಿದಾವ್ರೂ ನೀವ. ಈಗ ಅಲ್ಲ ಅನ್ನಾವ್ರೂ ನೀವ. ನಾವು ಯಾವ ಸರನ ಮಾತ ಕೇಳಬೇಕ್ರಿ?”

ಗಂಗವ್ವ ಹೊರಗೇ ಬರಲಿಲ್ಲ. ನಾವು ಬರಿಗೈಯಲ್ಲಿ ತಿರುಗಿದೆವು. ನರಗುಂದದ ಬಸ್‌ಸ್ಟ್ಯಾಂಡಿನಲ್ಲಿ ಚಹಾ ತೆಗೆದುಕೊಂಡಿದ್ದೆವು, ಶಿರೀನ್ ಫೋನ್ ಬಂತು. ಕೆಂಪು ಪುಡಿಯ ಗುರುತು ಸಿಕ್ಕಿತ್ತು. ಹೊಸ ವಸ್ತು ಅಲ್ಲ. ಬಹಳ ಹಿಂದೆಯೇ ಬೇರೆ ದೇಶದ ಮಣ್ಣಿನ ಬ್ಯಾಕ್ಟೀರಿಯಾದಿಂದ ತೆಗೆದು, ಹೆಸರಿಟ್ಟು, ಮುಗಿಸಿದ ಒಂದು ಕೆಂಪು ಬಳಗವಿದೆ. ನಮ್ಮದು ಆ ಬಳಗದ್ದೇ. ಅದರ ಒಡಹುಟ್ಟಿದ್ದನ್ನು ನಾನು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಆಸ್ಪತ್ರೆಗಳಲ್ಲಿ ಕ್ಯಾನ್ಸರಿಗೆ ಕೊಡುತ್ತಿದ್ದಾರೆ.

ಫೋನನ್ನು ಸರ್ ಕೈಗೆ ಕೊಟ್ಟೆ. ಕೇಳಿ ವಾಪಸು ಕೊಟ್ಟರು. ಅವರ ಕೈಯಿಂದ ಕಪ್ಪು ಜಾರಿ ಬಿತ್ತು ಎಂದು ನನ್ನ ನೆನಪು ಹೇಳುತ್ತದೆ. ಸುಳ್ಳು. ಅದು ಕಾಗದದ ಕಪ್ಪು, ಬೀಳಲಿಲ್ಲ. ಅವರು ಅದನ್ನು ಹಿಡಿದುಕೊಂಡೇ ಇದ್ದರು, ಚಹಾ ಆರಿ ಕೆನೆಗಟ್ಟಿತು.

“ಹಳೇ ಮಾಲು,” ಎಂದರು. “ನನ್ನ ಮೂಗಿಗೆ ತಿಳೀಲಿಲ್ಲಲ್ಲವಾ.”

ಇವತ್ತು ನೀವು ಮಾಡುವ ಕ್ರಮ ಬೇರೆ. ಬ್ಯಾಕ್ಟೀರಿಯಾದ ಡಿಎನ್‌ಎ ಓದಿಸಿ, ಅದರಲ್ಲಿ ಯಾವ ವಿಷ ತಯಾರಿಸುವ ಜೀನುಗಳಿವೆ ಎಂದು ಕಂಪ್ಯೂಟರಿನಲ್ಲೇ ನೋಡುತ್ತೀರಿ. ಅಡುಗೆಗೆ ಮೊದಲೇ ಸಾಮಾನು ನೋಡಿ ಇದು ಹಳೆಯ ಸಾರು ಎಂದುಬಿಡುತ್ತೀರಿ. ನಮಗೆ ಆ ಸೌಲಭ್ಯ ಆಗ ಇರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕೂತ ಆ ಮನುಷ್ಯನ ಮುಖ ನೀವು ನೋಡಬೇಕಿತ್ತು. ಅವರ ಪಾಲಿಗೆ ಅಲ್ಲಿ ಎಲ್ಲ ಮುಗಿದಿತ್ತು.

ಹುಬ್ಬಳ್ಳಿಯ ಬಸ್ಸು ಬಂದು ನಿಂತಿತು. ಸರ್ ಹತ್ತಿದರು. ನನ್ನ ಒಂದು ಕಾಲು ಮೆಟ್ಟಿಲ ಮೇಲಿತ್ತು. ಆಗ ತಲೆಗೆ ಬಂತು: ಹಳೇ ಮಾಲು ಎಂದರೆ ಮಾಲು ಸಿದ್ಧವಿದೆ ಎಂದರ್ಥ. ನಾನು ಇಳಿದು ಮತ್ತೆ ಮೆಣಸಗಿಗೆಂದು ರೋಣದ ಬಸ್ಸು ಹಿಡಿದೆ. ಸರ್ ಕಿಟಕಿಯಿಂದ ಏನೋ ಕೇಳಿದರು, ಏನೆಂದು ಕೇಳಿಸಲಿಲ್ಲ.

ಗಂಗವ್ವ ಕಟ್ಟೆಯ ಮೇಲೆ ಕಡಲೆ ಹಸನು ಮಾಡುತ್ತಿದ್ದಳು. ಮೊರ ಕೆಳಗಿಡಲಿಲ್ಲ. ನಿನ್ನ ಹೊಲದ ಔಷಧ ಯಾವುದೆಂದು ಗೊತ್ತಾಯಿತು ಎಂದೆ. ಅದು ಕೆಂಪಗಿದೆ, ಆಗಲೇ ತಯಾರಾಗಿ ಬಾಟಲಿಯಲ್ಲಿದೆ, ಅದರ ಒಡಹುಟ್ಟಿದ್ದನ್ನೇ ಹುಬ್ಬಳ್ಳಿಯಲ್ಲಿ ಕೊಡುತ್ತಾರೆ, ಬಹುಶಃ ನಿನಗೆ ಹಾಕುತ್ತೇವೆ ಎಂದದ್ದೂ ಅದೇ ಎಂದೆ. ಮೊರ ನಿಂತಿತು. ನಮ್ಮ ಹೊಲದ್ದೇ ಏನು ಎಂದು ಕೇಳಿದಳು. ಹೌದು ಎಂದಿದ್ದರೆ ಅವಳು ಆ ಕ್ಷಣವೇ ಏಳುತ್ತಿದ್ದಳು. ನಾಲಿಗೆ ತುದಿಗೆ ಬಂದಿತ್ತು. ಒಂದು ಸುಳ್ಳು ಸುದ್ದಿ ಮಾಡಿದ್ದನ್ನು ಎದುರಿಗೇ ನೋಡಿದ್ದೆ. ಅಲ್ಲ, ಬೇರೆ ದೇಶದ ಮಣ್ಣಿನದು, ಆದರೆ ಅದೇ ಕುಲದ ಹುಳ ಎಂದೆ.

“ಹಂಗಾರ ಮಣ್ಣಿನ್ಯಾಗೂ ಐತಲ್ರಿ. ಮಣ್ಣ ಯಾಕ ಸಾಲಂಗಿಲ್ಲ?”

ಅವಳ ಮಡಿಲ ಮೊರ ನೋಡಿದೆ. “ಹೊಲದಾಗ ಕಡ್ಲಿ ಬೆಳೀತೈತಿ ಅಂತ ಹೊಲದ ಮಣ್ಣ ತಿಂದ್ರ ಹೊಟ್ಟಿ ತುಂಬತೈತೇನವಾ ಗಂಗವ್ವಾ? ಬೆಳೀಬೇಕು, ಒಕ್ಕಬೇಕು, ಹಸನ ಮಾಡಬೇಕು, ಬೀಸಬೇಕು. ಅವರು ಅದನ್ನೆಲ್ಲಾ ಮಾಡಿ ಬಾಟ್ಲಿಗೆ ಹಾಕ್ಯಾರ.”

ಅವಳು ಕಡಲೆಯಲ್ಲಿದ್ದ ಒಂದು ಮಣ್ಣಹೆಂಟೆಯನ್ನು ಆರಿಸಿ ಬೆರಳುಗಳ ನಡುವೆ ಪುಡಿ ಮಾಡಿದಳು. ಮುಖ್ಯ ಮಾತು ಆಗ ಬಂತು: “ಕೂದಲಾ?” ಹೋಗುತ್ತದೆ, ಮತ್ತೆ ಬರುತ್ತದೆ ಎಂದೆ. ಅವಳು ಒಳಗಿದ್ದ ಗಂಡನನ್ನು ಕೂಗಿ, ಹುಬ್ಬಳ್ಳಿಯ ಕಾಗದದ ಚೀಲ ಎಲ್ಲಿಟ್ಟಿದ್ದಾರೆ ನೋಡಲು ಹೇಳಿದಳು.

ಮೊದಲ ಸಲ ಔಷಧ ಹಾಕುವಾಗ ಬರಬೇಕು ಎಂದು ಹಟ ಹಿಡಿದಳು, ಹೋದೆ. ಇದನ್ನು ನಾಚಿಕೆಯಿಂದಲ್ಲ, ಬೆರಗಿನಿಂದ ಹೇಳುತ್ತೇನೆ: ಇಡೀ ಸೇವೆಯಲ್ಲಿ ನಾನು ಒಮ್ಮೆಯೂ ಕ್ಯಾನ್ಸರ್ ವಾರ್ಡಿನೊಳಗೆ ಕಾಲಿಟ್ಟಿರಲಿಲ್ಲ. ನಮ್ಮಲ್ಲಿ ಯಾರೂ ಇಟ್ಟಿರಲಿಲ್ಲ, ಅದರ ಅಗತ್ಯವಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ನರ್ಸ್ ದಪ್ಪ ಕೈಗವಸು ಹಾಕಿಕೊಂಡು ಸಿರಿಂಜ್ ತಂದರು. ಒಂದು ಹನಿ ನರದಿಂದ ಹೊರಗೆ ಬಿದ್ದರೂ ಮಾಂಸ ಸುಟ್ಟುಹೋಗುತ್ತದೆ, ಕೈ ಅಲುಗಾಡಿಸಬೇಡ ಎಂದರು. ಸಿರಿಂಜಿನೊಳಗೆ ಆ ಕೆಂಪು. ಅಂಥದೇ ಕೆಂಪನ್ನು ನಾನು ತಟ್ಟೆಯ ತಳದಲ್ಲಿ ಕಂಡು ಕುಣಿದಿದ್ದೆ. ಒಬ್ಬಳ ತೋಳಿನೊಳಗೆ ನಿಧಾನಕ್ಕೆ ಇಳಿಯುವುದನ್ನು ನೋಡಿದಾಗ ಪಕ್ಕದ ಸ್ಟೂಲು ಎಳೆದು ಕೂತೆ. ಗಂಗವ್ವನೇ ನರ್ಸಿಗೆ, ಇವರಿಗೆ ನೀರು ಕೊಡ್ರಿ ಎಂದಳು.

ಸಂಜೆ ಫಕೀರಪ್ಪ ಗಾಬರಿಯಿಂದ ಫೋನ್ ಮಾಡಿದರು. ಉಚ್ಚೆಯಲ್ಲಿ ನೆತ್ತರ ಹೊಂಟೈತ್ರಿ ಎಂದರು. ನೆತ್ತರಲ್ಲ, ಔಷಧದ ಬಣ್ಣ, ಹೆದರಬೇಡಿ ಎಂದೆ. ಅಷ್ಟರಲ್ಲಿ ಫೋನು ಅವಳ ಕೈಗೆ ಹೋಗಿತ್ತು. ಅವಳು ನಗುತ್ತಿದ್ದಳು. ಅಷ್ಟು ದುಬಾರಿ ಬಣ್ಣ ಹಿಂಗ ನೀರಿಗೆ ಹೊಂಟ್ರ ಹ್ಯಾಂಗ್ರಿ ಅಕ್ಕಾರ, ಎಂದು.

ಮುಂದಿನದು ಸುಲಭವಾಗಿರಲಿಲ್ಲ. ಕೂದಲು ಹೋಯಿತು, ಬಾಯಿ ಹುಣ್ಣಾಯಿತು, ನಡುವೆ ಒಮ್ಮೆ ಇನ್ನು ಬರುವುದಿಲ್ಲ ಎಂದು ಮಲಗಿಬಿಟ್ಟಿದ್ದಳು. ಗಂಟು ಕುಗ್ಗಿತು, ಕೊಯ್ದರು. ಬದುಕಿದಳು. ಅಷ್ಟರಲ್ಲಿ ದೇಸಾಯಿ ಸರ್ ನಿವೃತ್ತರಾದರು, ಆಮೇಲೆ ನಾನು. ಮೆಣಸಗಿಯ ಕೆಂಪು ಮತ್ತೆ ಯಾವ ತಟ್ಟೆಯಲ್ಲೂ ಏಳಲಿಲ್ಲ.

ನಿವೃತ್ತಿಯ ಮರುವರ್ಷ ಮೆಣಸಗಿಗೆ ಹೋದೆ. ಕುಣಿ ಮುಚ್ಚಿಸಿದ್ದರು. ಗಂಗವ್ವನ ತಲೆಯಲ್ಲಿ ಗುಂಗುರು ಕೂದಲು ಬಂದಿತ್ತು. ಮೊದಲು ಗುಂಗುರು ಇರಲಿಲ್ಲ. ಪಡಸಾಲೆಯಲ್ಲಿ ಇಬ್ಬರು ಹೆಂಗಸರು ಕಾಯುತ್ತಿದ್ದರು. ಮೂಲೆಯಲ್ಲಿ ಒಂದು ಗೋಣಿಚೀಲ, ಅದರಲ್ಲಿ ಬನ್ನಿಗಿಡದ ಬುಡದ ಮಣ್ಣು. ಅವಳೇ ಮಣ್ಣು ಕೊಡುತ್ತಿದ್ದಾಳೆ, ಅದೂ ನನ್ನ ಎದುರಿಗೆ. ಗಂಗವ್ವನಿಗೆ ಮಣ್ಣಿನಿಂದಲೇ ಗುಣವಾಯಿತು ಎಂದು ಸುತ್ತಲಿನ ಊರುಗಳಲ್ಲಿ ಸುದ್ದಿಯಂತೆ.

ಮೊದಲನೆಯವಳು ಸೂಡಿಯವಳು. ಗಂಗವ್ವ ಅವಳಿಗೆ “ಕೈ ತೋರ್ಸು” ಎಂದಳು. ಅವಳು ಅಂಗೈ ಬೋರಲು ಮಾಡಿದಳು. ಸಲೈನ್ ಸೂಜಿ ತೆಗೆದು ಹಚ್ಚಿದ್ದ ಪಟ್ಟಿಯ ಅಂಟು ಹಾಗೇ ಇತ್ತು, ಸುತ್ತ ನೀಲಿಗಟ್ಟಿತ್ತು. ಗಂಗವ್ವ ಒಂದು ಹಿಡಿ ಮಣ್ಣು ಕಾಗದದಲ್ಲಿ ಕಟ್ಟಿ ಕೊಟ್ಟಳು.

“ಮೈಗೆ ಹಚ್ಚಿದ್ರ ನೋಡು ಮತ್ತ. ತುಳಸಿಗೆ ಹಾಕು. ಮುಂದಿನ ಸಲ ಕೆಂಪ ನೀರ ಹಾಕಿಸಿಕೊಂಡ ಮ್ಯಾಲ ಬಾ, ಇನ್ನೊಂದ ಹಿಡಿ ಕೊಡ್ತೀನಿ.”

ಎರಡನೆಯವಳು ಜಕ್ಕಲಿಯವಳು. ಅವಳ ಕೈ ಮೇಲೆ ಸೂಜಿಯ ಗುರುತು ಏನೂ ಇರಲಿಲ್ಲ. ಗಂಗವ್ವ ಕೊಡಲಿಲ್ಲ; ಹುಬ್ಬಳ್ಳಿಗೆ ತಾನೂ ಜೊತೆಗೆ ಬರುತ್ತೇನೆ ಎಂದಳು. ಅವಳು ಸಿಟ್ಟಿಗೆದ್ದು, ದೇವರು ಕೊಟ್ಟ ಮಣ್ಣಿಗೆ ನೀನ್ಯಾರು ಕಾವಲಿಗೆ ಎಂದು ಬೈದು ಹೋದಳು. ಅವಳು ಆಮೇಲೆ ದವಾಖಾನೆಗೆ ಹೋದಳೋ, ಬೇರೆ ಯಾವ ಗಿಡದ ಬುಡಕ್ಕೆ ಹೋದಳೋ ನನಗೆ ಗೊತ್ತಿಲ್ಲ. ಇದನ್ನು ಬಿಟ್ಟರೆ ಕಥೆ ಚೆಂದವಾಗುತ್ತಿತ್ತು, ಅದಕ್ಕೇ ಬಿಟ್ಟಿಲ್ಲ.

ಇದು ಸರಿಯೋ ತಪ್ಪೋ ಎಂದು ಲೆಕ್ಕ ಹಾಕುತ್ತಾ ನಾನು ಆ ಚೀಲವನ್ನೇ ನೋಡುತ್ತಿದ್ದೆ. ಗಂಗವ್ವ ಗೋಣಿಚೀಲದ ಬಾಯಿ ಮಡಚುತ್ತಾ ನನ್ನನ್ನು ನೋಡಿದಳು.

“ಯಾಕ್ರಿ ಅಕ್ಕಾರ, ಹಂಗ ನೋಡಾಕಹತ್ತೀರಿ? ನಿಮ್ಮ ಲ್ಯಾಬಿಗೆ ಬೇಕಾಗಿತ್ತೇನು?”

ನಾನು ಹೌದೆಂದು ತಲೆ ಆಡಿಸಿದ್ದು ನನಗೇ ತಿಳಿಯಲಿಲ್ಲ. ಆ ಬುಡದ ಮಣ್ಣು ಇನ್ನು ಉಳಿದಿರುವುದು ಆ ಚೀಲದಲ್ಲಿ ಮಾತ್ರ.

“ಮೊದ್ಲ ಕೈ ತೋರಸ್ರಿ,” ಎಂದಳು.

ನಗುತ್ತಲೇ ಕೈ ಚಾಚಿದೆ. ಅವಳು ಬೋರಲು ಮಾಡಿ ನೋಡಿದಳು, ಹೆಬ್ಬೆರಳಿನಿಂದ ಒಮ್ಮೆ ಸವರಿದಳು. ಅಲ್ಲಿ ಏನೂ ಇರಲಿಲ್ಲ. ಅವಳು ಕೊಡಲಿಲ್ಲ.